ಇಂಗ್ಲಿಷಿನ ಝೀರೋ ಎರರ್

ನಮ್ಮ ಹೈಸ್ಕೂಲುಗಳ ರಜಾ ಅರ್ಜಿಗೆ ಒಂದು ಎರಕದ ಅಚ್ಚಿದೆ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಶುರುವಾಗಿ ‘ಯುವರ್ಸ್ ಒಬಿಡಿಯಂಟ್ಲಿ’ ಎಂದು ಮುಗಿಯುವ ನಾಲ್ಕು ಸಾಲು ಅದು. ಜ್ವರ ಬಂದ ಹುಡುಗನಿಗೆ ಅಚ್ಚು ಸರಿಯಾಗಿ ಕೂರುತ್ತದೆ. ಅಕ್ಕನ ಮದುವೆಗೆ ರಜೆ ಬೇಕಾದ ಹುಡುಗನೂ ತನ್ನ ಸಂಗತಿಯನ್ನು ಅದೇ ಅಚ್ಚಿಗೆ ಹೊಯ್ಯುತ್ತಾನೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಮೈ ಸಿಸ್ಟರ್ಸ್ ಮ್ಯಾರೇಜ್’. ಅಕ್ಕನ ಮದುವೆಯೆಂಬ ಕಾಯಿಲೆಯಿಂದ ನರಳುತ್ತಿದ್ದೇನೆ ಎಂದಾಯಿತು. ಸ್ಟಾಫ್ ರೂಮಿನಲ್ಲಿ ನಗು ಏಳುತ್ತದೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಸಾಲ ತೀರಿಸುತ್ತಿದ್ದ ಹಿರಿಯ ಮೇಷ್ಟ್ರೊಬ್ಬರು ಮಾತ್ರ ‘ಅದರಲ್ಲಿ ತಪ್ಪೇನಿದೆ?’ ಎಂದು ಕೇಳಿದ್ದುಂಟು.

ನಕ್ಕ ಮೇಲೆ ಏನಾಗುತ್ತದೆ? ಹೆಡ್‌ಮಾಸ್ಟರು ರುಜು ಹಾಕುತ್ತಾರೆ, ಹುಡುಗ ಮದುವೆ ಊಟ ಮಾಡಿ ಬರುತ್ತಾನೆ. ಭಾಷೆ ಸೊಟ್ಟಗಿದ್ದರೂ ಕೆಲಸ ನೆಟ್ಟಗಾಯಿತು. ನಾವು ನಗುವ ತಪ್ಪುಗಳು ಬಹುಪಾಲು ಇಂಥವೇ, ಯಾರಿಗೂ ಕೇಡು ಮಾಡದಂಥವು. ಕೇಡು ಮಾಡುವ ತಪ್ಪುಗಳು ಯಾರನ್ನೂ ನಗಿಸುವುದಿಲ್ಲ. ಅವು ನೋಡುವುದಕ್ಕೆ ಶುದ್ಧ ಇಂಗ್ಲಿಷಿನಂತೆಯೇ ಇರುತ್ತವೆ. ಈ ವಾರ ಅವುಗಳ ಮಾತು.

ವಿಜ್ಞಾನದ ಮೇಷ್ಟ್ರಿಗೆ ಇಂಗ್ಲಿಷಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡಿದವರು ಹಾಗೆ ಕೇಳುವುದಿಲ್ಲ. ಅಲ್ಲಿ ಬಿ.ಎಸ್ಸಿ. ಆದವನೆಂದರೆ ರೇಡಿಯೋ ರಿಪೇರಿಯಿಂದ ಹಿಡಿದು ಬ್ಯಾಂಕಿನ ಕಾಗದ ಓದಿ ಹೇಳುವವರೆಗೆ ಎಲ್ಲಕ್ಕೂ ಬೇಕಾದವನು. ಇನ್ನೊಂದು ಕಾರಣವೂ ಇದೆ. ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದದ್ದು ನಿಮಗೆ ನೆನಪಿರಬಹುದು. ಅಳೆಯುವ ಮೊದಲು ಮೇಷ್ಟ್ರು ‘ಝೀರೋ ಎರರ್ ನೋಡಿಕೊಳ್ಳಿ’ ಎನ್ನುತ್ತಾರೆ. ಏನೂ ಹಿಡಿಯದೆ ಇದ್ದಾಗಲೂ ಮಾಪಕ ಸೊನ್ನೆಯ ಬದಲು ಎರಡೋ ಮೂರೋ ಗೀಟು ತೋರಿಸುತ್ತಿದ್ದರೆ ಅದು ಆ ಉಪಕರಣದ ಹುಟ್ಟುಗುಣ. ಪ್ರತಿ ಅಳತೆಯಲ್ಲೂ ಅಷ್ಟೇ ತಪ್ಪು, ಅದೇ ದಿಕ್ಕಿಗೆ. ಉಪಕರಣವನ್ನು ಬಿಸಾಡಬೇಕಾಗಿಲ್ಲ. ಎಷ್ಟು ಗೀಟು ಎಂದು ತಿಳಿದು ಕಳೆದರೆ ಸಾಕು.

ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಹಿಡಿದ ನಮ್ಮ ತಲೆಮಾರಿನ ಇಂಗ್ಲಿಷಿಗೂ ಒಂದು ಝೀರೋ ಎರರ್ ಇದೆ. ಅದರ ಹೆಸರು ಕನ್ನಡ. ನಾವು ಮಾಡುವ ತಪ್ಪುಗಳು ದಡ್ಡತನದಿಂದ ಹುಟ್ಟಿದವಲ್ಲ, ಒಂದು ಒಳ್ಳೆಯ ಭಾಷೆಯ ವ್ಯಾಕರಣವನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದ ಹುಟ್ಟಿದವು. ಹಾಗಾಗಿಯೇ ಬೀದರಿನಲ್ಲೂ ಚಾಮರಾಜನಗರದಲ್ಲೂ ಅವೇ ತಪ್ಪುಗಳು.

ಮೊದಲು ‘ಎ’ ಮತ್ತು ‘ದಿ’. ಕನ್ನಡದಲ್ಲಿ ಇವಿಲ್ಲ, ಆದ್ದರಿಂದ ನಮಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ‘ನಿನ್ನೆ ಪುಸ್ತಕ ಕೊಂಡೆ’ ಎಂದು ಹೇಳಿ ನೋಡಿ. ಯಾವುದೋ ಒಂದು ಪುಸ್ತಕ. ಕೇಳಿದವರು ‘ಯಾವ ಪುಸ್ತಕ?’ ಎನ್ನುತ್ತಾರೆ. ಈಗ ‘ನಿನ್ನೆ ಪುಸ್ತಕವನ್ನು ಕೊಂಡೆ’ ಎನ್ನಿ. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದ ಆ ಪುಸ್ತಕ ಎಂಬ ಧ್ವನಿ ಬಂತಲ್ಲವೇ? ಇಂಗ್ಲಿಷಿನವನು ನಾಮಪದದ ತಲೆಗೆ ‘ದಿ’ ಎಂಬ ಟೋಪಿ ಹಾಕಿ ಹೇಳುವುದನ್ನು ನಾವು ಬಾಲಕ್ಕೆ ‘ಅನ್ನು’ ಕಟ್ಟಿ ಹೇಳುತ್ತೇವೆ. ಎಲ್ಲ ಕಡೆಗೂ ಈ ಸಮೀಕರಣ ಹೊಂದುವುದಿಲ್ಲವಾದರೂ ಆ ಭೇದ ನಮ್ಮ ಕಿವಿಗೆ ಹೊಸದಲ್ಲ. ಬರೆಯುವಾಗ ಒಂದೇ ಪರೀಕ್ಷೆ: ಓದುವವನು ‘ಯಾವುದು?’ ಎಂದು ಕೇಳುವಂತಿದ್ದರೆ ‘ಎ’, ಯಾವುದೆಂದು ಅವನಿಗೆ ಗೊತ್ತಿದ್ದರೆ ‘ದಿ’. ಬ್ಯಾಂಕಿಗೆ ‘ಐ ಹ್ಯಾವ್ ಪೇಯ್ಡ್ ಇನ್‌ಸ್ಟಾಲ್‌ಮೆಂಟ್’ ಎಂದು ಬರೆದರೆ ಒಂದು ಕಂತು ಕಟ್ಟಿದ್ದೀರೋ, ನೋಟೀಸಿನಲ್ಲಿ ಕೇಳಿದ್ದ ಆ ಕಂತನ್ನೇ ಕಟ್ಟಿದ್ದೀರೋ ತಿಳಿಯುವುದಿಲ್ಲ. ಮ್ಯಾನೇಜರು ಮತ್ತೆ ನೋಟೀಸು ಕಳಿಸಿದರೆ ಅವರನ್ನು ಬೈಯುವಂತಿಲ್ಲ.

‘ಎ’ ಎಲ್ಲಿ, ‘ಆನ್’ ಎಲ್ಲಿ ಎಂಬುದಕ್ಕೆ ಕನ್ನಡಿಗರಿಗೆ ಇಂಗ್ಲಿಷರಿಗಿಂತ ಒಳ್ಳೆಯ ಉಪಾಯವಿದೆ. ಶಾಲೆಯಲ್ಲಿ ‘ಎ, ಇ, ಐ, ಒ, ಯು ಮುಂದೆ ಆನ್’ ಎಂದು ಬಾಯಿಪಾಠ ಮಾಡಿಸುತ್ತಾರೆ. ಹುಡುಗ ‘ಆನ್ ಯೂನಿವರ್ಸಿಟಿ’ ಎಂದು ಬರೆದು ಅರ್ಧ ಅಂಕ ಕಳೆದುಕೊಳ್ಳುತ್ತಾನೆ. ಆ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ ‘ಯ’ಕಾರದಿಂದ ಶುರು, ಆದ್ದರಿಂದ ‘ಎ ಯೂನಿವರ್ಸಿಟಿ’. ಗಂಟೆಗೆ ಇಂಗ್ಲಿಷ್ ಕಾಗುಣಿತದಲ್ಲಿ ‘ಎಚ್’ ಮೊದಲು ಬಂದರೂ ನಾವು ಬರೆಯುವುದು ‘ಅವರ್’, ಆದ್ದರಿಂದ ‘ಆನ್ ಅವರ್’. ಹಾಗೆಯೇ ಆನ್ ಎಂ.ಎಲ್.ಎ., ಆನ್ ಎಲ್.ಐ.ಸಿ. ಏಜೆಂಟ್, ಆನ್ ಎಕ್ಸ್-ರೇ. ಆದರೆ ಎ ಬಿ.ಎಸ್ಸಿ. ಡಿಗ್ರಿ, ಎ ಯು.ಪಿ.ಎಸ್.ಸಿ. ಎಕ್ಸಾಮ್. ನಿಯಮ ಇರುವುದು ಉಚ್ಚಾರಕ್ಕೆ, ಕಾಗುಣಿತಕ್ಕಲ್ಲ. ನಮ್ಮ ಲಿಪಿಯೋ ಉಚ್ಚಾರವನ್ನೇ ಬರೆಯುವಂಥದು. ಒಂದು ಎಚ್ಚರಿಕೆ ಬೇಕು. ಬೀದಿಯಲ್ಲಿ ಆಡುವಂತೆ ‘ಯೆಮ್ಮೆಲ್ಲೆ’ ಎಂದು ಬರೆದುಕೊಂಡರೆ ಉಪಾಯ ಕೈಕೊಡುತ್ತದೆ. ಹಾಗೆಯೇ ಇಂಗ್ಲಿಷಿನ ‘ಒಂದು’ ನಿಜವಾಗಿ ‘ವನ್’, ಅದರ ಹಿಂದೆ ‘ಎ’ ಬರಬೇಕು.

ಇನ್ನು ‘ಇಂದ’ ಎಂಬ ನಮ್ಮ ಪ್ರತ್ಯಯ. ಅದರ ದುಡಿಮೆ ಅಪಾರ. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’ ಎರಡಕ್ಕೂ ಅದೊಂದೇ. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಆದ್ದರಿಂದಲೇ ‘ಸಿನ್ಸ್ ತ್ರೀ ಡೇಸ್’ ಎಂಬ ಪ್ರಯೋಗ ನಮ್ಮಲ್ಲಿ ಮನೆಮಾತು. ಇದು ತಪ್ಪು ಹೌದು, ಆದರೆ ಡಾಕ್ಟರಿಗೆ ಅರ್ಥವಾಗುತ್ತದೆ, ಮಾತ್ರೆಯೂ ಸರಿಯಾದದ್ದೇ ಸಿಗುತ್ತದೆ. ಇದಕ್ಕಾಗಿ ಯಾರನ್ನೂ ಹೀಯಾಳಿಸಬೇಕಾಗಿಲ್ಲ.

‘ಬೈ’ ಮತ್ತು ‘ಟಿಲ್’ ಹಾಗಲ್ಲ. ‘ಸೋಮವಾರದೊಳಗೆ’ ಎನ್ನುವುದು ಬೇರೆ, ‘ಸೋಮವಾರದವರೆಗೆ’ ಎನ್ನುವುದು ಬೇರೆ ಎಂದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಸೋಮವಾರದೊಳಗೆ ಮನೆ ಖಾಲಿ ಮಾಡು ಎಂದರೆ ಹೊರಡಬೇಕು. ಸೋಮವಾರದವರೆಗೆ ಮನೆಯಲ್ಲಿರು ಎಂದರೆ ಇರಬಹುದು. ಮೊದಲನೆಯದು ‘ಬೈ ಮಂಡೇ’, ಎರಡನೆಯದು ‘ಟಿಲ್ ಮಂಡೇ’. ಕನ್ನಡ ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿದ್ದರೂ ಇಂಗ್ಲಿಷಿಗೆ ಹೋದಾಗ ನಾವು ಎರಡಕ್ಕೂ ‘ಟಿಲ್’ ಹಾಕುತ್ತೇವೆ. ‘ಐ ವಿಲ್ ಪೇ ದಿ ರೆಂಟ್ ಟಿಲ್ ಮಂಡೇ’ ಎಂದು ಬರೆದುಕೊಟ್ಟವರು ಸೋಮವಾರದೊಳಗೆ ಬಾಡಿಗೆ ಕೊಡುವುದಾಗಿ ಹೇಳಲಿಲ್ಲ, ಸೋಮವಾರದವರೆಗಿನ ಬಾಡಿಗೆ ಮಾತ್ರ ಕೊಡುತ್ತೇನೆ ಎಂದರು. ಸಹಿ ಹಾಕಿದ ಕಾಗದದಲ್ಲಿ ಹೀಗಿದ್ದರೆ ವಕೀಲರಿಗೆ ಕೆಲಸ.

ತಾರೀಕಿನದೂ ಇದೇ ಗೋಳು. ಅಮೆರಿಕದಲ್ಲಿರುವ ಮಗ 7/8ಕ್ಕೆ ಹೊರಡುತ್ತೇನೆ ಎಂದು ಬರೆದರೆ ಅದು ಆಗಸ್ಟ್ 7 ಇರಬಹುದು, ಜುಲೈ 8ಕ್ಕೇ ಬಾಗಿಲು ಬಡಿದರೂ ಬಡಿಯಬಹುದು. ಅಲ್ಲಿ ತಿಂಗಳು ಮೊದಲು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲೇ ವರ್ಷ, ತಿಂಗಳು, ದಿನ ಎಂಬ ಕ್ರಮ ಗೊತ್ತುಮಾಡಿದೆ. ಮನೆಮಂದಿ ಅದನ್ನು ಪಾಲಿಸುವವರೆಗೆ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ಈಗ ಎಲ್ಲಕ್ಕಿಂತ ಕೆಟ್ಟದ್ದು. ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಒಂದು ಕಾಗದ ಹಿಡಿದು ಶಾಲೆಗೆ ಬಂದಿದ್ದರು. ತೋಟದ ಪಂಪ್‌ಸೆಟ್ ಕಳುವಾಗಿತ್ತು. ವಿಮೆ ಇತ್ತು. ವಿಮಾ ಕಂಪನಿಯ ಮೇಲಿನ ಕಚೇರಿ ಬೇರೆ ರಾಜ್ಯದಲ್ಲಿದ್ದುದರಿಂದ ಕಾಗದ ಇಂಗ್ಲಿಷಿನಲ್ಲೇ ಇರಬೇಕೆಂದು ಯಾರೋ ಹೇಳಿದ್ದರು. ಪಿ.ಯು.ಸಿ. ಓದುತ್ತಿದ್ದ ಮಗ ದುಂಡು ಅಕ್ಷರದಲ್ಲಿ ಬರೆದಿದ್ದ. ಕಾಗುಣಿತ ಸರಿ, ಕಾಲ ಸರಿ, ‘ದಿ’ ಕೂಡ ಇರಬೇಕಾದಲ್ಲಿ ಇತ್ತು. ನಡುವೆ ಒಂದು ವಾಕ್ಯ: ‘ಐ ಡೌಟ್ ದಟ್ ದಿ ಪಂಪ್‌ಸೆಟ್ ವಾಸ್ ಸ್ಟೋಲನ್ ಆನ್ ಸಂಡೇ ನೈಟ್.’

ಹುಡುಗನ ಮನಸ್ಸಿನಲ್ಲಿದ್ದ ಕನ್ನಡ ಹೀಗಿತ್ತು: ‘ಪಂಪ್‌ಸೆಟ್ ಭಾನುವಾರ ರಾತ್ರಿ ಕಳುವಾಗಿದೆ ಎಂದು ನನ್ನ ಅನುಮಾನ.’ ಅನುಮಾನಕ್ಕೆ ಇಂಗ್ಲಿಷಿನಲ್ಲಿ ಡೌಟು, ಎಲ್ಲರೂ ಹಾಗೆಯೇ ಹೇಳುತ್ತಾರೆ. ಆದರೆ ‘ಐ ಡೌಟ್ ದಟ್’ ಎಂದರೆ ಹಾಗೆ ಆಗಿದೆಯೆಂದು ನಾನು ನಂಬುವುದಿಲ್ಲ ಎಂದರ್ಥ. ಪಂಪ್‌ಸೆಟ್ ಭಾನುವಾರ ರಾತ್ರಿ ಕಳುವಾಯಿತೆಂಬುದನ್ನು ನಾನು ನಂಬಲಾರೆ ಎಂದು ಕಳೆದುಕೊಂಡವರೇ ಕಂಪನಿಗೆ ಬರೆದುಕೊಟ್ಟಂತಾಯಿತು. ಹಣ ಕೊಡದಿರಲು ಕಾರಣ ಹುಡುಕುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

‘ಯಾಕ್ ಮೇಷ್ಟ್ರೇ, ತಪ್ಪೈತಾ?’ ಎಂದು ಅವರು ಕೇಳಿದರು. ಒಂದು ಪದ ಹೊಡೆದುಹಾಕಿ ‘ಸಸ್ಪೆಕ್ಟ್’ ಎಂದು ಬರೆದುಕೊಟ್ಟೆ. ‘ಅಷ್ಟೇನಾ?’ ಎಂದರು. ಅಷ್ಟೇ.

ಇದರ ಮೂಲ ಸ್ವಾರಸ್ಯವಾದದ್ದು. ನಮ್ಮ ನ್ಯಾಯಶಾಸ್ತ್ರದಲ್ಲಿ ಅನುಮಾನ ಎಂದರೆ ಶಂಕೆಯಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತರ್ಕಿಸಿ ತಿಳಿಯುವುದು ಅನುಮಾನ. ಅದೊಂದು ಪ್ರಮಾಣ. ಅಲ್ಲಾಡುವ ಮನಸ್ಸಿಗೆ ಅಲ್ಲಿ ಸಂಶಯವೆಂಬ ಬೇರೆ ಮಾತಿದೆ. ಆಡುಗನ್ನಡದಲ್ಲಿ ಅನುಮಾನದ ಗಾಂಭೀರ್ಯ ಸವೆದಿದ್ದರೂ ‘ಹಾಗೇ ಇರಬೇಕು’ ಎಂಬ ಕಡೆಗೆ ವಾಲುವ ಹಳೆಯ ಗುಣ ಹೋಗಿಲ್ಲ. ಇಂಗ್ಲಿಷಿನ ‘ಡೌಟ್’ ‘ಹಾಗಿರಲಾರದು’ ಎಂಬ ಕಡೆಗೆ ವಾಲುತ್ತದೆ. ಶೇಕ್ಸ್‌ಪಿಯರನ ಕಾಲದಲ್ಲಿ ಅದಕ್ಕೂ ‘ಹೀಗಾಗಿರಬಹುದೆಂಬ ಅಂಜಿಕೆ’ ಎಂಬ ಅರ್ಥವಿತ್ತು. ಸ್ಕಾಟ್ಲೆಂಡಿನ ಮಾತಿನಲ್ಲಿ ಇನ್ನೂ ಇದೆ. ವಿಮಾ ಕಂಪನಿಯವರು ಸ್ಕಾಟ್ಲೆಂಡಿನವರಾಗಿರುವ ಸಂಭವ ಕಡಿಮೆ. ಪೊಲೀಸ್ ದೂರಿನಲ್ಲಿ ‘ಐ ಡೌಟ್ ಮೈ ನೇಬರ್ ಹ್ಯಾಸ್ ಟೇಕನ್ ಇಟ್’ ಎಂದು ಬರೆದವರು ಪಕ್ಕದ ಮನೆಯವನಿಗೆ ನಿರಪರಾಧಿ ಪತ್ರ ಬರೆದುಕೊಟ್ಟಂತೆ.

ಇದೇ ಜಾತಿಯ ಇನ್ನೊಂದು, ‘ಎಲ್ಲ’ ಮತ್ತು ‘ಇಲ್ಲ’ ಒಟ್ಟಿಗೆ ಬಂದಾಗ. ‘ಆಲ್ ದಿ ಸ್ಟೂಡೆಂಟ್ಸ್ ಹ್ಯಾವ್ ನಾಟ್ ಪೇಯ್ಡ್ ದಿ ಫೀಸ್’ ಎಂದರೆ ಕೆಲವರು ಕಟ್ಟಿದ್ದಾರೋ, ಒಬ್ಬರೂ ಕಟ್ಟಿಲ್ಲವೋ? ಕೆಲವರು ಬಾಕಿ ಇದ್ದರೆ ‘ನಾಟ್ ಆಲ್’ ಎಂದು ಆರಂಭಿಸಿ. ಯಾರೂ ಕಟ್ಟಿಲ್ಲವಾದರೆ ‘ನನ್’ ಎನ್ನಿ. ಕನ್ನಡದಲ್ಲಿ ‘ಯಾರೂ’ ಎಂಬ ಪದ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ನೋಡಿ.

ಬಹುವಚನಕ್ಕೆ ಬರೋಣ. ಎರಡು ಮನೆ, ಹತ್ತು ರೂಪಾಯಿ, ನೂರು ತೆಂಗಿನಕಾಯಿ ಎನ್ನುತ್ತೇವೆ. ಸಂಖ್ಯೆಯೇ ಹೇಳಿದ ಮೇಲೆ ‘ಗಳು’ ಏಕೆ ಎಂಬುದು ಕನ್ನಡದ ಮಿತವ್ಯಯ. ಮನುಷ್ಯರಿಗೆ ಮಾತ್ರ ಮರ್ಯಾದೆ, ಮೂವರು ಹುಡುಗರು. ಈ ಅಭ್ಯಾಸ ಇಂಗ್ಲಿಷಿಗೆ ಹೋದಾಗ ‘ಟೆನ್ ಬುಕ್’ ಆಗುತ್ತದೆ. ಹೆದರಿದವರು ಆಮೇಲೆ ಎಲ್ಲಕ್ಕೂ ಎಸ್ ಹಚ್ಚುತ್ತಾರೆ: ಫರ್ನಿಚರ್ಸ್, ಇನ್‌ಫರ್ಮೇಶನ್ಸ್, ಲಗೇಜಸ್. ಇವು ಇಂಗ್ಲಿಷಿನಲ್ಲಿ ನೀರು, ಮರಳಿನಂತೆ ರಾಶಿಯ ಪದಗಳು, ಎಣಿಸುವಂತಿಲ್ಲ. ಅಕ್ಕಿ ಮೂಟೆಯ ಮೇಲೆ ‘25 ಕೆ.ಜಿ.ಎಸ್.’ ಎಂದು ಅಚ್ಚಾಗಿರುವುದನ್ನು ನೋಡಿದಾಗ ನನ್ನೊಳಗಿನ ಭೌತಶಾಸ್ತ್ರದ ಮೇಷ್ಟ್ರು ಎದ್ದು ಕೂರುತ್ತಾನೆ. ಮಾನಕ ಸಂಕೇತಗಳಿಗೆ ಬಹುವಚನವಿಲ್ಲ. ಅಲ್ಲಿ ಚಿಕ್ಕ ಎಸ್ ಎಂದರೆ ಸೆಕೆಂಡು. ಕಟ್ಟುನಿಟ್ಟಾಗಿ ಓದಿದರೆ ಮೂಟೆಯಲ್ಲಿರುವುದು ಇಪ್ಪತ್ತೈದು ಕಿಲೋಗ್ರಾಮ್-ಸೆಕೆಂಡು ಅಕ್ಕಿ! ಅಕ್ಷರದ ಗಾತ್ರವೂ ಹುಡುಗಾಟವಲ್ಲ. ಚಿಕ್ಕ ಎಂ ಮಿಲಿ, ದೊಡ್ಡ ಎಂ ಮೆಗಾ. ನಡುವಿನ ವ್ಯತ್ಯಾಸ ನೂರು ಕೋಟಿ ಪಟ್ಟು.

ಒಂದು ಎಸ್ ಅಕ್ಷರದ ಬೆಲೆ ತಿಳಿಯಬೇಕಾದರೆ ಬ್ರಿಟನ್ನಿನ ಕಾರ್ಡಿಫ್ ನಗರದ ಒಂದು ಎಂಜಿನಿಯರಿಂಗ್ ಕಂಪನಿಯ ಕಥೆ ಕೇಳಬೇಕು. ಅದರ ಹೆಸರು ಟೇಲರ್ ಅಂಡ್ ಸನ್ಸ್. ನೂರು ವರ್ಷಕ್ಕೂ ಹಳೆಯದು. 2009ರಲ್ಲಿ ಟೇಲರ್ ಅಂಡ್ ಸನ್ ಎಂಬ ಬೇರೊಂದು ಕಂಪನಿ ಮುಚ್ಚುವ ಆದೇಶವಾಯಿತು. ಒಬ್ಬನೇ ಸನ್, ಎಸ್ ಇಲ್ಲ. ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯವರು ಅದನ್ನು ಎಸ್ ಇರುವ ಕಂಪನಿಯ ಲೆಕ್ಕಕ್ಕೆ ಬರೆದುಬಿಟ್ಟರು. ಕೆಲವೇ ದಿನಗಳಲ್ಲಿ ತಿದ್ದಿದರೂ ಸುದ್ದಿ ಹರಡಿಹೋಗಿತ್ತು. ಸಾಮಾನು ಕೊಡುವವರು ಕಡ ನಿಲ್ಲಿಸಿದರು, ಗಿರಾಕಿಗಳು ಹಿಂಜರಿದರು, ಇನ್ನೂರೈವತ್ತಕ್ಕೂ ಹೆಚ್ಚು ಜನರಿಗೆ ಅನ್ನ ಕೊಡುತ್ತಿದ್ದ ಕಂಪನಿ ಮುಳುಗಿತು. ತಪ್ಪು ನೋಂದಣಿ ಕಚೇರಿಯದೇ ಎಂದು 2015ರಲ್ಲಿ ಲಂಡನ್ನಿನ ಹೈಕೋರ್ಟು ಹೇಳಿತು. ಇದು ವ್ಯಾಕರಣದ ತಪ್ಪಲ್ಲ, ಗುಮಾಸ್ತಿಕೆಯ ತಪ್ಪು, ನಿಜ. ಆದರೆ ಇಂಗ್ಲಿಷನ್ನೇ ಹಾಲಿನೊಂದಿಗೆ ಕುಡಿದವರು ಮಾಡಿದ ತಪ್ಪು.

ನಮ್ಮ ಫಾರಮ್ಮುಗಳಲ್ಲೂ ಇದರ ಮರಿ ಇದೆ. ‘ಮೈ ಸನ್ಸ್ ಸ್ಕಾಲರ್‌ಶಿಪ್’ ಎಂದು ಬರೆದಾಗ ಎಸ್ ಹಿಂದೆ ಕೊಕ್ಕೆ ಇದ್ದರೆ ಒಬ್ಬ ಮಗ, ಎಸ್ ಮುಂದೆ ಕೊಕ್ಕೆ ಇದ್ದರೆ ಒಬ್ಬನಿಗಿಂತ ಹೆಚ್ಚು. ಕನ್ನಡದಲ್ಲಿ ‘ಮಗನ’ ಮತ್ತು ‘ಮಕ್ಕಳ’ ಎಂದು ಪದವೇ ಬೇರೆಯಾಗುವುದರಿಂದ ನಮಗೆ ಆ ಕೊಕ್ಕೆ ಲೆಕ್ಕಕ್ಕಿಲ್ಲ. ‘ಅದರ’ ಎಂಬರ್ಥದ ‘ಇಟ್ಸ್’ಗೆ ಕೊಕ್ಕೆ ಇಲ್ಲ, ‘ಅದು ಇದೆ’ ಎಂಬರ್ಥದ್ದಕ್ಕೆ ಇದೆ. ಇದನ್ನು ಇಂಗ್ಲೆಂಡಿನ ಅಂಗಡಿ ಬೋರ್ಡುಗಳವರೂ ದಿನಾ ತಪ್ಪುತ್ತಾರೆ. ಯಾರ ಗಂಟೂ ಹೋಗಿಲ್ಲ. ಮುಂದೆ ಹೋಗೋಣ.

ಹೆಚ್ಚುವರಿ ಪದಗಳದೂ ಅಷ್ಟೆ. ‘ಬಗ್ಗೆ ಚರ್ಚಿಸು’ ಎನ್ನುವ ನಾವು ‘ಡಿಸ್ಕಸ್ ಅಬೌಟ್’ ಎನ್ನುತ್ತೇವೆ. ‘ವಾಪಸು ಹಿಂದಿರುಗಿ’ ಎನ್ನುವ ನಾವು ‘ರಿಟರ್ನ್ ಬ್ಯಾಕ್’ ಎನ್ನುತ್ತೇವೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬುದು ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಆಗುತ್ತದೆ. ‘ಐ ಹ್ಯಾವ್’ ಸಾಕು. ತಿದ್ದಿಕೊಂಡರೆ ಚೆಂದ. ತಿದ್ದಿಕೊಳ್ಳದಿದ್ದರೆ ಮಕ್ಕಳ ಸಂಖ್ಯೆಯೇನೂ ಬದಲಾಗುವುದಿಲ್ಲ.

ಆದರೆ ಅಲ್ಪವಿರಾಮವನ್ನು ಅಲ್ಪವೆಂದು ತಿಳಿಯಬೇಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಡೇರಿ ಇದೆ. ಹಾಲಿನ ಲಾರಿ ಓಡಿಸುವವರು ತಮಗೆ ಹೆಚ್ಚುವರಿ ದುಡಿಮೆಯ ಭತ್ಯೆ ಸಿಗುತ್ತಿಲ್ಲವೆಂದು 2014ರಲ್ಲಿ ದಾವೆ ಹೂಡಿದರು. ಬೇಗ ಕೆಡುವ ಆಹಾರವನ್ನು ಸಂಸ್ಕರಿಸುವುದು, ಒಣಗಿಸುವುದು, ದಾಸ್ತಾನು ಮಾಡುವುದು ಮುಂತಾದ ಕೆಲಸಗಳಿಗೆ ಆ ಭತ್ಯೆ ಇಲ್ಲವೆಂದು ರಾಜ್ಯದ ಕಾನೂನು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆಯ ತುಂಡೇ ಜಗಳದ ಬೇರು. ಅದನ್ನು ಕನ್ನಡದಲ್ಲಿ ಎರಡು ರೀತಿ ಬಿಡಿಸಬಹುದು. ‘ಸಾಗಣೆಗಾಗಿ ಪ್ಯಾಕ್ ಮಾಡುವುದು, ಅಥವಾ ವಿತರಿಸುವುದು’ ಎಂದು ಒಂದು. ‘ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು’ ಎಂದು ಇನ್ನೊಂದು. ಚಾಲಕರು ವಿತರಿಸುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ‘ಆರ್’ ಎಂಬ ಪದದ ಹಿಂದೆ ಒಂದು ಅಲ್ಪವಿರಾಮ ಇದ್ದಿದ್ದರೆ ಮೊದಲ ಅರ್ಥವೇ ಗಟ್ಟಿಯಾಗಿ ಡೇರಿ ಗೆಲ್ಲುತ್ತಿತ್ತು. ಅದು ಇರಲಿಲ್ಲ. ಇಂಥ ಕಡೆ ಅಲ್ಪವಿರಾಮ ಬೇಡವೆಂದು ಆ ರಾಜ್ಯದ ಕಾನೂನು ಬರೆಯುವವರ ಕೈಪಿಡಿಯೇ ಹೇಳುತ್ತಿತ್ತಂತೆ. 2017ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ, ಅರ್ಥ ಅಸ್ಪಷ್ಟವಾಗಿರುವುದರಿಂದ ದುಡಿಯುವವರ ಪರವಾಗಿ ಓದಬೇಕು ಎಂದಿತು. 2018ರಲ್ಲಿ ಡೇರಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ‘ಗೆ’, ‘ಗಾಗಿ’, ‘ವುದು’ ಎಂದು ಪ್ರತಿ ಪದಕ್ಕೂ ಬಾಲ ಕಟ್ಟುವ ನಮ್ಮ ಭಾಷೆಯಲ್ಲಿ ಈ ಮೊಕದ್ದಮೆ ಹುಟ್ಟುತ್ತಲೇ ಇರಲಿಲ್ಲ.

ಶೈಲಿಯ ವಿಚಾರಕ್ಕೆ ಬಂದರೆ ದೋಷ ಕನ್ನಡದ್ದಲ್ಲ, ಕಚೇರಿಯದು. ‘ಐ ಬೆಗ್ ಟು ಸ್ಟೇಟ್ ದಟ್’, ‘ಯುವರ್ ಗುಡ್‌ಸೆಲ್ಫ್’, ‘ಕೈಂಡ್ಲಿ ಡು ದಿ ನೀಡ್‌ಫುಲ್’. ಇವೆಲ್ಲ ಬ್ರಿಟಿಷರದೇ ಹಳೆಯ ಸರಕು. ಅವರು ಅದನ್ನು ಬಿಟ್ಟರು, ನಾವು ಜತನ ಮಾಡಿಕೊಂಡೆವು. ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅವರ ಖಜಾನೆ ಇಲಾಖೆಯ ಕೋರಿಕೆಯಂತೆ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕ ಬರೆದು ಸರ್ಕಾರಿ ನೌಕರರಿಗೆ ಸರಳವಾಗಿ ಬರೆಯುವುದನ್ನು ಕಲಿಸಿದರು. ನಮ್ಮ ಅರ್ಜಿಗಳು ಇನ್ನೂ ಬೇಡುತ್ತಲೇ ಇವೆ.

‘ನೀಡ್‌ಫುಲ್’ನ ದೋಷ ಅದು ಹಳೆಯದು ಎಂಬುದಲ್ಲ. ಅದು ಏನನ್ನೂ ಕೇಳುವುದಿಲ್ಲ. ಅಗತ್ಯವಾದದ್ದು ಯಾವುದೆಂದು ಗುಮಾಸ್ತರೇ ತೀರ್ಮಾನಿಸಬೇಕು. ಕಾಗದವನ್ನು ಫೈಲಿನಲ್ಲಿ ಕಟ್ಟಿಡುವುದೇ ಅಗತ್ಯವೆಂದು ಅವರು ತೀರ್ಮಾನಿಸಿದರೆ ನೀವು ಕೇಳಿದ್ದು ಸಿಕ್ಕಿತು ಎಂದೇ ಲೆಕ್ಕ. ಮೀಟರು ಕೆಟ್ಟಿದೆ, ಇಂಥ ತಾರೀಕಿನೊಳಗೆ ಬದಲಾಯಿಸಿ ಎಂದು ಬರೆದರೆ ಇಲ್ಲವೆನ್ನುವುದಕ್ಕಾದರೂ ಅವರು ಉತ್ತರ ಕೊಡಬೇಕಾಗುತ್ತದೆ.

ಅದೂ ಅಲ್ಲದೆ, ತಾಲ್ಲೂಕು ಕಚೇರಿಗೆ ಇಂಗ್ಲಿಷ್ ಅರ್ಜಿ ಏಕೆ? ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ರಾಜ್ಯ ಸರ್ಕಾರದ ಕಚೇರಿಗೆ ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು. ‘ಇಂಗ್ಲಿಷಿನಲ್ಲಿದ್ದರೆ ತೂಕ ಸಾರ್’ ಎನ್ನುತ್ತಾರೆ. ಬೇಡವಾದ ಕಡೆ ತೂಕ ಹೊತ್ತು, ಬೇಕಾದ ಕಡೆ, ಅಂದರೆ ವಿಮೆ, ನೌಕರಿ, ಹೊರರಾಜ್ಯದ ಆಸ್ಪತ್ರೆಯ ಕಾಗದಗಳಲ್ಲಿ, ಎರಡು ಸಲ ಓದಿ ನೋಡದೆ ಕಳಿಸುವುದು ನಮ್ಮ ರೂಢಿ.

ಕಚೇರಿಯ ಇಂಗ್ಲಿಷು ಕನ್ನಡವನ್ನೂ ಕೆಡಿಸಿದೆ ಎಂಬುದು ನನ್ನ ಅಭಿಪ್ರಾಯ. ‘ತೀರ್ಮಾನಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’. ಯಾರು ತೀರ್ಮಾನಿಸಿದರು, ಯಾರು ಕೈಗೊಳ್ಳುತ್ತಾರೆ? ಈ ಕರ್ಮಣಿ ಪ್ರಯೋಗವನ್ನು ವಿಜ್ಞಾನದವರೇ ಕಲಿಸಿದರೆಂದು ಭಾಷಾ ಮೇಷ್ಟ್ರುಗಳು ನಮ್ಮನ್ನು ದೂರುತ್ತಾರೆ. ಪ್ರಯೋಗಾಲಯದ ರೆಕಾರ್ಡಿನಲ್ಲಿ ಬ್ಯೂರೆಟ್ಟನ್ನು ಯಾರು ತುಂಬಿದರೆಂಬುದು ಮುಖ್ಯವಲ್ಲ, ಅಲ್ಲಿ ಅದು ಸರಿ. ಆದರೆ ಡಿ.ಎನ್.ಎ. ರಚನೆಯನ್ನು ಲೋಕಕ್ಕೆ ಹೇಳಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧದ ಮೊದಲ ಪದ ‘ವಿ’, ಅಂದರೆ ನಾವು. ಹೊಣೆ ಹೊತ್ತವರ ವಾಕ್ಯಕ್ಕೆ ಕರ್ತೃ ಇರುತ್ತದೆ.

ಕೆಲವು ನಿಯಮಗಳನ್ನು ಮರೆತರೂ ನಷ್ಟವಿಲ್ಲ. ವಾಕ್ಯದ ಕೊನೆಯಲ್ಲಿ ‘ಆಫ್’, ‘ವಿತ್’ ಬರಬಾರದೆಂಬ ತಗಾದೆಯನ್ನು ಕವಿ ಡ್ರೈಡನ್ 1672ರಲ್ಲಿ ತೆಗೆದ. ಅದಕ್ಕೆ ಮೊದಲೂ ಆಮೇಲೂ ಇಂಗ್ಲಿಷರು ಹಾಗೆಯೇ ಬರೆಯುತ್ತಿದ್ದಾರೆ.

ಕೊನೆಗೆ ‘ಪ್ರಿಪೋನ್’. ಸಭೆಯನ್ನು ಮುಂದೂಡುವುದು ‘ಪೋಸ್ಟ್‌ಪೋನ್’ ಆದರೆ ಹಿಂದಕ್ಕೆ ತರುವುದು ‘ಪ್ರಿಪೋನ್’ ಎಂಬ ಪದವನ್ನು ಭಾರತೀಯರು ಬಳಕೆಗೆ ತಂದರು, ಆಕ್ಸ್‌ಫರ್ಡ್ ನಿಘಂಟು ಸೇರಿಸಿಕೊಂಡಿದೆ. ಇದನ್ನು ತಪ್ಪೆನ್ನುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಅರ್ಥ ಸ್ಪಷ್ಟ, ಒಂದೇ ಪದದಲ್ಲಿ ಕೆಲಸ ಮುಗಿಯುತ್ತದೆ, ಕೇಳಿದವರು ಸರಿಯಾದ ದಿನಕ್ಕೆ ಬರುತ್ತಾರೆ. ಧಾರಾಳವಾಗಿ ಬಳಸಿ. ಲಂಡನ್ನಿಗೆ ಬರೆಯುವಾಗ ಮಾತ್ರ ‘ಬ್ರಾಟ್ ಫಾರ್ವರ್ಡ್’ ಎಂದು ಬರೆಯಿರಿ, ಇಲ್ಲವಾದರೆ ಅವರು ಆ ದಿನ ಬಾರದೆ ನಿಘಂಟು ನೋಡುತ್ತಾ ಕೂತಾರು.